ಕತ್ತರಿಯಿಂದ ಕಲಿಕೆಗೆ: ಕೇಶ ವಿನ್ಯಾಸಕನ ವೃತ್ತಿಯಲ್ಲಿ ವರ್ತಕರಿಗೊಂದು ಪಾಠ

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದಂತಹ ಊರಿನಲ್ಲಿ ಕ್ಷೌರದಂಗಡಿಗೆ ಬೇಕಾಗುವ ಬಂಡವಾಳ ಹೆಚ್ಚಿನದಲ್ಲ. ಎರಡು ಕುರ್ಚಿ, ಕನ್ನಡಿ, ಕತ್ತರಿ, ಯಂತ್ರ ಇದ್ದರೆ ವ್ಯವಹಾರ ಆರಂಭವಾಗುತ್ತದೆ. ಆದರೆ ಅಂಗಡಿಯ ನಿಜವಾದ ಆಸ್ತಿ ಕುಶಲಕರ್ಮಿಯ ಕೈಯಲ್ಲಿದೆ. ಅದು ಯಾವ ಅಢಾವೆ ಪತ್ರಿಕೆಯಲ್ಲಿಯೂ ಕಾಣುವುದಿಲ್ಲ. ಕೈ ನಡುಗತೊಡಗಿದ ದಿನ, ಮಗ ಬೇರೆ ಉದ್ಯೋಗ ಹಿಡಿದು ಊರು ಬಿಟ್ಟ ದಿನ, ಆ ಆಸ್ತಿಯ ಬೆಲೆ ಶೂನ್ಯವಾಗುತ್ತದೆ. ಕೈಯಲ್ಲಿರುವ ಕೌಶಲ್ಯವನ್ನು ಉಳಿಯುವ ಆಸ್ತಿಯನ್ನಾಗಿ ಮಾಡುವುದು ಹೇಗೆ ಎಂಬುದು ಪ್ರತಿಯೊಬ್ಬ ಸಣ್ಣ ಉದ್ಯಮಿಯ ಪ್ರಶ್ನೆ.

ಲಂಡನ್ನಿನ ಉದಾಹರಣೆ

ಈ ಪ್ರಶ್ನೆಗೆ ಉತ್ತರ ಕಂಡವರಲ್ಲಿ ವಿದಾಲ್ ಸಸೂನ್ ಪ್ರಮುಖರು. 1928ರಲ್ಲಿ ಲಂಡನ್ನಿನ ಬಡ ಯಹೂದಿ ಕುಟುಂಬದಲ್ಲಿ ಜನಿಸಿದ ಅವರು ಬಾಲ್ಯದ ಕೆಲವು ವರ್ಷಗಳನ್ನು ಅನಾಥಾಲಯದಲ್ಲಿ ಕಳೆದರು. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿ ಅವರನ್ನು ಅಡಾಲ್ಫ್ ಕೋಹೆನ್ ಎಂಬ ಕೇಶ ವಿನ್ಯಾಸಕರ ಬಳಿ ಕೆಲಸ ಕಲಿಯಲು ಸೇರಿಸಿದರು. ಕಲಿಕೆಯ ಶುಲ್ಕ ಕೊಡಲು ತಾಯಿಗೆ ಶಕ್ತಿಯಿರಲಿಲ್ಲ. ಕೋಹೆನ್ ಅದನ್ನು ಕೈಬಿಟ್ಟರು. 1954ರಲ್ಲಿ ಸಸೂನ್ ಬಾಂಡ್ ಸ್ಟ್ರೀಟಿನಲ್ಲಿ ಸ್ವಂತ ಸಲೂನ್ ತೆರೆದರು.

ಅಂದು ಮಹಿಳೆಯರು ವಾರಕ್ಕೊಮ್ಮೆ ಸಲೂನಿಗೆ ಹೋಗಿ ಕೂದಲನ್ನು ಸುರುಳಿ ಮಾಡಿಸಿ ಕೂರಿಸಿಕೊಳ್ಳುವ ಪದ್ಧತಿಯಿತ್ತು. ತೊಳೆದು ಒಣಗಿಸಿದರೆ ತಾನಾಗಿಯೇ ಆಕಾರಕ್ಕೆ ಬರುವಂತೆ ಕೂದಲು ಕತ್ತರಿಸುವ ವಿಧಾನವನ್ನು ಸಸೂನ್ 1960ರ ದಶಕದಲ್ಲಿ ಪ್ರಸಿದ್ಧಿಗೆ ತಂದರು. ಈ ವಿಧಾನಕ್ಕೆ ಆಧಾರವಾಗಿದ್ದುದು ರೇಖೆ ಮತ್ತು ಕೋನಗಳ ಲೆಕ್ಕ. ಲೆಕ್ಕಕ್ಕೆ ಸಿಕ್ಕಿದ್ದನ್ನು ಹಂತ ಹಂತವಾಗಿ ಕಲಿಸಬಹುದು. ಆದ್ದರಿಂದಲೇ ಅವರು ಸಲೂನಿನೊಡನೆ ತರಬೇತಿ ಶಾಲೆಯನ್ನೂ ಕಟ್ಟಲು ಸಾಧ್ಯವಾಯಿತು. 2012ರಲ್ಲಿ ಅವರು ನಿಧನರಾದರು. ಅವರ ಹೆಸರಿನ ಶಾಲೆ ಮತ್ತು ವಿಧಾನ ಉಳಿದವು.

ಇದೇ ಜೀವನದಲ್ಲಿ ಎಚ್ಚರಿಕೆಯೂ ಇದೆ. ತಮ್ಮ ಹೆಸರಿನ ಕೇಶ ಸಾಮಗ್ರಿಗಳ ವ್ಯವಹಾರವನ್ನು ಅವರು 1983ರಲ್ಲಿ ಮಾರಿದರು. 1985ರಲ್ಲಿ ಅದು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಕೈಸೇರಿತು. ಹೆಸರನ್ನು ಕಡೆಗಣಿಸಲಾಗಿದೆ ಎಂದು ಆಕ್ಷೇಪಿಸಿ ಸಸೂನ್ 2003ರಲ್ಲಿ ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು. ಮಾರಿದ ಹೆಸರಿನ ಮೇಲೆ ಮಾರಿದವನ ಹಿಡಿತ ಉಳಿಯುವುದು ಕಷ್ಟ.

ಬೆಂಗಳೂರಿನ ಇನ್ನೊಂದು ದಾರಿ

ನಮ್ಮ ರಾಜ್ಯದ ರಮೇಶ್ ಬಾಬು ಅವರು ಬೇರೆ ದಾರಿ ಹಿಡಿದರು. ತಂದೆ ತೀರಿಕೊಂಡ ಬಳಿಕ ತಾಯಿ ಕ್ಷೌರದಂಗಡಿಯನ್ನು ದಿನಕ್ಕೆ 5 ರೂಪಾಯಿ ಬಾಡಿಗೆಗೆ ಕೊಟ್ಟಿದ್ದರು. ಮುಂದೆ ಅದನ್ನು ತಾವೇ ನಡೆಸಿದ ಬಾಬು, 1993ರಲ್ಲಿ ಮಾರುತಿ ಓಮ್ನಿ ಕೊಂಡು, ನಂತರ ವಾಹನಗಳನ್ನು ಬಾಡಿಗೆಗೆ ಕೊಡುವ ಉದ್ಯಮ ಬೆಳೆಸಿದರು. 2011ರಲ್ಲಿ ರೋಲ್ಸ್ ರಾಯ್ಸ್ ಕೊಂಡ ಮೇಲೂ ಕತ್ತರಿ ಬಿಡಲಿಲ್ಲ. ಒಬ್ಬರು ಉಳಿತಾಯವನ್ನು ವಾಹನದಲ್ಲಿ ಹೂಡಿದರು, ಇನ್ನೊಬ್ಬರು ವಿದ್ಯೆಯನ್ನೇ ಆಸ್ತಿ ಮಾಡಿದರು. ಮೊದಲನೆಯದಕ್ಕೆ ಸಾಲದ ಬಲ ಬೇಕು. ಎರಡನೆಯದು ಸಣ್ಣ ಊರಿಗೂ ನಿಲುಕುವಂಥದು.

ಲೆಕ್ಕ ಹಾಕಿ ನೋಡಿದರೆ

ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸೋಣ. ಒಂದು ಕ್ಷೌರಕ್ಕೆ ಅರ್ಧ ಗಂಟೆ, ದರ 100 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ ಎರಡು ಗಂಟೆಯಂತೆ 26 ದಿನದ ಗಳಿಕೆ 10,400 ರೂಪಾಯಿ. ಅದೇ ಎರಡು ಗಂಟೆಯಲ್ಲಿ ತಿಂಗಳಿಗೆ ತಲಾ 2,000 ರೂಪಾಯಿ ಶುಲ್ಕದಂತೆ 10 ಮಂದಿಗೆ ಕಲಿಸಿದರೆ 20,000 ರೂಪಾಯಿ. ಐದೇ ಮಂದಿ ಬಂದರೆ 10,000. ಸಾಮಗ್ರಿಯ ವೆಚ್ಚ ಕಳೆಯುವ ಮೊದಲೇ 400 ರೂಪಾಯಿ ಕೊರತೆ. ಬಿಟ್ಟುಕೊಟ್ಟ ಗಳಿಕೆಯೂ ವೆಚ್ಚವೇ ಎಂಬುದನ್ನು ಅನೇಕರು ಮರೆಯುತ್ತಾರೆ. ಕುರ್ಚಿ ಖಾಲಿಯಿರುವ ಮಧ್ಯಾಹ್ನದಲ್ಲಿ ಅಥವಾ ಅಂಗಡಿಗೆ ರಜೆಯಿರುವ ಮಂಗಳವಾರದಂದು ತರಗತಿ ನಡೆಸಿದರೆ ಈ ವೆಚ್ಚ ಬಹುಪಾಲು ಇಲ್ಲವಾಗುತ್ತದೆ.

ಪುಸ್ತಕದಲ್ಲಿ ಗಮನಿಸಬೇಕಾದ ಅಂಶಗಳು

1. ಅಂಗಡಿ ಮತ್ತು ಶಾಲೆಯ ಜಮಾ-ಖರ್ಚನ್ನು ಪ್ರತ್ಯೇಕವಾಗಿ ಬರೆಯಬೇಕು. ಇಲ್ಲವಾದರೆ ಒಂದರ ನಷ್ಟವನ್ನು ಇನ್ನೊಂದರ ಲಾಭ ಮುಚ್ಚಿಡುತ್ತದೆ.

2. ಆರು ತಿಂಗಳ ಶುಲ್ಕವನ್ನು ಒಮ್ಮೆಲೇ ಪಡೆದರೆ ಅದು ಆ ದಿನದ ಆದಾಯವಲ್ಲ. ಕಲಿಸಿ ಮುಗಿಸುವವರೆಗೆ ಅದು ಹೊಣೆ. ಆ ಹಣದಿಂದ ಅಂಗಡಿಯನ್ನು ಅಲಂಕರಿಸಿದವರು ಮೂರನೆಯ ತಿಂಗಳಲ್ಲಿ ಸಾಮಗ್ರಿಗೆ ಸಾಲ ಮಾಡಬೇಕಾದೀತು.

3. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗಳ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ ದೊರೆಯುವುದಿಲ್ಲ. ಮಾನ್ಯತೆಯಿಲ್ಲದ ಖಾಸಗಿ ತರಬೇತಿಯ ಶುಲ್ಕಕ್ಕೆ ಶೇ. 18ರ ದರವೇ ಇದೆ. ಸೇವೆಗಳಿಗೆ ನೋಂದಣಿಯ ಮಿತಿಯಾದ 20 ಲಕ್ಷ ರೂಪಾಯಿಯನ್ನು ಎರಡೂ ವಹಿವಾಟು ಕೂಡಿಸಿ ಎಣಿಸಬೇಕು.

ಕಲಿಸುವವನೂ ಕಲಿಯಬೇಕು

ಅನುಭವವುಳ್ಳವರೆಲ್ಲ ಶಿಕ್ಷಕರಾಗಲಾರರು. ಐಟಿಐಗಳಲ್ಲಿ ಸೌಂದರ್ಯಶಾಸ್ತ್ರ ಒಂದು ವರ್ಷದ ವೃತ್ತಿ ಶಿಕ್ಷಣವಾಗಿದೆ. ಬೋಧಕರಾಗಬಯಸುವವರಿಗೆ ಕೇಂದ್ರ ಸರ್ಕಾರದ ಕುಶಲಕರ್ಮ ಬೋಧಕರ ತರಬೇತಿ ಯೋಜನೆಯಲ್ಲಿ ಇನ್ನೊಂದು ವರ್ಷದ ಶಿಕ್ಷಣವಿದೆ. ಚರ್ಮ ಮತ್ತು ಕೂದಲಿನ ರಚನೆ, ಉಪಕರಣಗಳ ಶುದ್ಧೀಕರಣ, ರಾಸಾಯನಿಕಗಳ ಪರಿಣಾಮ ಇವನ್ನು ಕಾರಣಸಹಿತ ವಿವರಿಸಲು ಬಾರದವನು ತನ್ನ ತಪ್ಪನ್ನೂ ಶಿಷ್ಯನಿಗೆ ಕಲಿಸುತ್ತಾನೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದೆ. ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು ಹಾಗೂ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂಪಾಯಿಯವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲದ ಅವಕಾಶ ಕಲ್ಪಿಸಲಾಗಿದೆ.

ಈ ಪಾಠ ಕ್ಷೌರದಂಗಡಿಗೆ ಮಾತ್ರ ಸೀಮಿತವಲ್ಲ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಸದ್ದು ಕೇಳಿಯೇ ಯಂತ್ರದ ದೋಷ ಹೇಳಬಲ್ಲ ಹಿರಿಯ ಫಿಟ್ಟರ್, ಮಸ್ಕಿಯ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಕುಶಲಿ ಇಂಥವರ ವಿದ್ಯೆಯೂ ಮಾಲೀಕನ ಪುಸ್ತಕದಲ್ಲಿಲ್ಲದ ಆಸ್ತಿ. ಅವರು ನಿವೃತ್ತರಾದ ಮರುದಿನ ಅದರ ಬೆಲೆ ತಿಳಿದರೆ ಪ್ರಯೋಜನವಿಲ್ಲ. ಯಾವ ಕೆಲಸ ಒಬ್ಬನೇ ಬಲ್ಲ, ಅವನಿಂದ ಯಾರು ಕಲಿಯುತ್ತಿದ್ದಾರೆ ಎಂಬ ಎರಡು ಸಾಲಿನ ಪಟ್ಟಿಯನ್ನು ಪ್ರತಿವರ್ಷ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಬರೆದಿಡುವುದು ಒಳಿತು. ಎರಡನೆಯ ಸಾಲು ಖಾಲಿಯಿದ್ದರೆ, ಲಾಭವಿದ್ದರೂ ವ್ಯವಹಾರಕ್ಕೆ ಭದ್ರತೆಯಿಲ್ಲವೆಂದು ತಿಳಿಯಬೇಕು.