ಮಕ್ಕಳಾಗದಿದ್ದರೆ ಪರೀಕ್ಷೆ ಇಬ್ಬರಿಗೂ ಬೇಕು



ಮದುವೆಯಾಗಿ ಎರಡು ವರ್ಷಕ್ಕೆ ಮಡಿಲು ತುಂಬದಿದ್ದರೆ ಮಾತು ಕೇಳಬೇಕಾದವಳು ಹೆಣ್ಣೇ. ‘ಬಂಜೆ’ ಅಂತಾರೆ, ಸೀಮಂತಕ್ಕೆ ಕರೆಯುವುದಿಲ್ಲ, ಗಂಡನಿಗೆ ಇನ್ನೊಂದು ಮದುವೆಯ ಮಾತು ಎತ್ತುತ್ತಾರೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲೂ ತೊಂದರೆ ಇರುತ್ತದೆ. ಇದು ಗಂಡಸ್ತನದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಮೊದಲು ಪರೀಕ್ಷೆ

ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ವೈದ್ಯರ ಬಳಿಗೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಗಂಡನಿಗೆ ಮಾಡುವುದು ವೀರ್ಯ ಪರೀಕ್ಷೆ. 2ರಿಂದ 7 ದಿನ ಸೇರದೆ ಇದ್ದು ಮಾದರಿ ಕೊಟ್ಟರಾಯಿತು, ಸೂಜಿಯಿಲ್ಲ, ನೋವಿಲ್ಲ. ವರದಿ ಸರಿಯಿಲ್ಲದಿದ್ದರೆ ಇನ್ನೊಮ್ಮೆ ಮಾಡಿಸಬೇಕು.

ವೃಷಣದ ರಕ್ತನಾಳ ಊದಿಕೊಳ್ಳುವುದು, ಸೋಂಕು, ಹಾರ್ಮೋನು ಕೊರತೆ, ತಂಬಾಕು, ಅತಿಯಾದ ಕುಡಿತ, ಮೈಕಟ್ಟಿಗೆಂದು ತೆಗೆದುಕೊಳ್ಳುವ ಹಾರ್ಮೋನು ಇಂಜೆಕ್ಷನ್ – ಇವೆಲ್ಲ ಕಾರಣವಾಗಬಹುದು. ಹೊಸ ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಚಟ ಬಿಟ್ಟ ವಾರದಲ್ಲೇ ಫಲ ಕಾಣುವುದಿಲ್ಲ.

ಚಿಕಿತ್ಸೆಗಳು

1. ಐಯುಐ: ವೀರ್ಯವನ್ನು ಶುದ್ಧಮಾಡಿ ಗರ್ಭಕೋಶದೊಳಗೆ ಬಿಡುತ್ತಾರೆ. ತೊಂದರೆ ಸ್ವಲ್ಪವಿದ್ದಾಗ ಇದು ಉಪಯೋಗ.

2. ಐವಿಎಫ್: ಅಂಡಾಣು ಹೊರತೆಗೆದು, ಪ್ರಯೋಗಾಲಯದಲ್ಲಿ ವೀರ್ಯಾಣು ಸೇರಿಸಿ, ಭ್ರೂಣವನ್ನು ಗರ್ಭಕೋಶದಲ್ಲಿ ಇಡುತ್ತಾರೆ.

3. ಇಕ್ಸಿ: ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುತ್ತಾರೆ. ಬೆಲ್ಜಿಯಂನಲ್ಲಿ 1992ರಲ್ಲಿ ಇದು ಯಶಸ್ವಿಯಾಯಿತು. ವೀರ್ಯದಲ್ಲಿ ವೀರ್ಯಾಣು ಇಲ್ಲದಿದ್ದರೆ ಕೆಲವರಿಗೆ ವೃಷಣದಿಂದಲೇ ತೆಗೆಯಲು ಸಾಧ್ಯ.

ಒಂದು ಮಾತು ನೆನಪಿಡೋಣ. ತೊಂದರೆ ಗಂಡನದ್ದಾದರೂ ಐವಿಎಫ್, ಇಕ್ಸಿಯಲ್ಲಿ ದಿನದಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು, ಅಂಡಾಣು ತೆಗೆಸಿಕೊಳ್ಳುವವಳು ಹೆಂಡತಿ. ಹಾಗಾಗಿ ಬೇಕೋ ಬೇಡವೋ ಎಂದು ಹೇಳುವ ಹಕ್ಕು ಅವಳಿಗಿದೆ. ಒಂದು ಸಲಕ್ಕೇ ಫಲಿಸುತ್ತದೆಂಬ ಖಾತ್ರಿಯೂ ಇಲ್ಲ. ಸಾಲ ಮಾಡುವ ಮೊದಲು ಒಟ್ಟು ಖರ್ಚು ಎಷ್ಟು, ಫಲಿಸದಿದ್ದರೆ ಮುಂದೇನು ಎಂದು ಕೇಳಿ ಬರೆಸಿಕೊಳ್ಳಿ. ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ.

ಕಾನೂನು

2021ರ ಕಾಯ್ದೆಯಂತೆ ಚಿಕಿತ್ಸಾ ಕೇಂದ್ರ ನೋಂದಣಿಯಾಗಿರಲೇಬೇಕು. ಲಿಖಿತ ಒಪ್ಪಿಗೆಯಿಲ್ಲದೆ ಚಿಕಿತ್ಸೆ ಮಾಡುವಂತಿಲ್ಲ. ಗಂಡೇ ಬೇಕೆಂದು ಆರಿಸುವುದು ಅಪರಾಧ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಕಥೋಲಿಕ ಧರ್ಮಸಭೆ ಐವಿಎಫ್, ಇಕ್ಸಿಯನ್ನು ಒಪ್ಪುವುದಿಲ್ಲ. ಕಾರಣ ಹುಡುಕಿ ಗುಣಪಡಿಸುವುದಕ್ಕೆ ಅಡ್ಡಿಯಿಲ್ಲ. ದತ್ತು ಪಡೆಯುವ ದಾರಿಯೂ ತೆರೆದಿದೆ. ಯಾವ ದಾರಿ ಹಿಡಿದರೂ ಮೊದಲ ಹೆಜ್ಜೆ ಒಂದೇ – ಇಬ್ಬರಿಗೂ ಪರೀಕ್ಷೆ.

ಸಭೆಯಲ್ಲಿ ಚರ್ಚಿಸೋಣ

- ಮಕ್ಕಳಿಲ್ಲದ ಸದಸ್ಯೆಯನ್ನು ನಾವು ಶುಭಕಾರ್ಯಕ್ಕೆ ಕರೆಯುತ್ತೇವೆಯೇ?
- ಪರೀಕ್ಷೆಗೆ ಬರಲು ಒಪ್ಪದ ಗಂಡನ ಜೊತೆ ಯಾರು, ಹೇಗೆ ಮಾತಾಡಬಹುದು?