ಕಾವಲು ಮತ್ತು ಬೇಹು: ಮಕ್ಕಳ ಮೊಬೈಲ್ ಬಳಕೆಯಲ್ಲಿ ಹಿರಿಯರ ಹೊಣೆ

ಕನ್ನಡದಲ್ಲಿ ಕಾವಲು, ಬೇಹು ಎಂಬ ಎರಡು ಶಬ್ದಗಳಿವೆ. ಎರಡರಲ್ಲಿಯೂ ಕಣ್ಣಿನ ಕೆಲಸವೇ ಪ್ರಧಾನವಾದರೂ ಅರ್ಥದಲ್ಲಿ ಅಜಗಜಾಂತರವುಂಟು. ‘ಕಾ’ ಎಂಬ ಧಾತುವಿಗೆ ರಕ್ಷಿಸು ಎಂದರ್ಥ. ಅದರಿಂದ ಹುಟ್ಟಿದ ಕಾವಲು ರಕ್ಷಣೆಯನ್ನೇ ಉದ್ದೇಶವಾಗಿ ಉಳ್ಳದ್ದು. ಬೇಹಾದರೋ ಮರೆಯಲ್ಲಿ ನಿಂತು ಗುಟ್ಟನ್ನು ಅರಿಯುವ ಕಾರ್ಯ. ಅರಸರು ಅದನ್ನು ಶತ್ರುವಿನ ಪಾಳೆಯದಲ್ಲಿ ನಡೆಸುತ್ತಿದ್ದರು. ಜೋಳದ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಹೊಲದ ನಡುವೆ ಅಟ್ಟಣೆ ಕಟ್ಟಿ, ಕವಣೆ ಹಿಡಿದು ಕುಳಿತ ರೈತನು ಎಲ್ಲರಿಗೂ ಕಾಣಿಸುತ್ತಾನೆ. ಕಾಣಿಸಿಕೊಳ್ಳುವುದೇ ಆ ಕಾವಲಿನ ಬಲ. ಮಕ್ಕಳ ಕೈಗೆ ಮೊಬೈಲ್ ಬಂದಿರುವ ಈ ಕಾಲದಲ್ಲಿ ತಾಯಿತಂದೆಗಳೂ ಶಿಕ್ಷಕರೂ ಈ ಎರಡರಲ್ಲಿ ಯಾವುದನ್ನು ಆಶ್ರಯಿಸಬೇಕೆಂಬುದು ವಿಚಾರಾರ್ಹವಾಗಿದೆ.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿನ ಮೂಲಕ ಮನೆಗೆ ಬಂದಿತು. ಅದುವರೆಗೆ ‘ಮುಟ್ಟಬೇಡ’ ಎನ್ನುತ್ತಿದ್ದ ಹಿರಿಯರೇ ಅದನ್ನು ಮಕ್ಕಳ ಕೈಗಿತ್ತರು. ಬಡ ವಿದ್ಯಾರ್ಥಿಗಳಿಗೆ ಅದನ್ನು ಕೊಡಿಸಿದ ಉದಾರಿಗಳೂ ಉಂಟು. ಶಾಲೆಗಳು ಮರಳಿ ತೆರೆದವು. ಕೈಸೇರಿದ ಮೊಬೈಲ್ ಮಾತ್ರ ಅಷ್ಟು ಸುಲಭವಾಗಿ ಹಿಂದಿರುಗಲಿಲ್ಲ. ಇಂದು ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದರ ಪಾಸ್‌ವರ್ಡ್ ಬಲ್ಲವನು ಮಗ. ಬ್ಯಾಂಕಿನ ಸಂದೇಶವನ್ನು ಓದಿ ಹೇಳುವವಳು ಮಗಳು. ಅಕ್ಷರ ಬಾರದ ತಂದೆಗೆ ಅದರೊಳಗೆ ಬೇಹು ನಡೆಸುವುದು ಸಾಧ್ಯವೇ ಇಲ್ಲ. ಅಕ್ಷರ ಬಲ್ಲ ತಂದೆಗೆ ಅದು ಸಾಧ್ಯ. ಆದರೆ ಅದಕ್ಕೆ ಅವನು ತೆರಬೇಕಾದ ಬೆಲೆ ದೊಡ್ಡದು.

ಆ ಬೆಲೆ ಯಾವುದೆಂಬುದನ್ನು ಒಂದು ದೃಷ್ಟಾಂತದಿಂದ ಅರಿಯಬಹುದು. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಮೊಬೈಲಿನಲ್ಲಿ ಪರಿಚಯವಾದವನಿಗೆ ತನ್ನ ಭಾವಚಿತ್ರವನ್ನು ಕಳುಹಿಸಿದಳೆನ್ನೋಣ. ಆತನು ಅದನ್ನು ವಿಕಾರಗೊಳಿಸಿ, ಊರಿಗೆಲ್ಲ ಹಂಚುವುದಾಗಿ ಬೆದರಿಸುತ್ತಾನೆ. ಆ ರಾತ್ರಿ ಆಕೆಯ ಮುಂದಿರುವುದು ಒಂದೇ ಪ್ರಶ್ನೆ: ಅವ್ವನಿಗೆ ಹೇಳಲೇ, ಬೇಡವೇ? ಹಿಂದೊಮ್ಮೆ ಗೆಳತಿಯರೊಡನೆ ಆಡಿದ ಮಾತುಗಳನ್ನು ಮನೆಯವರು ಕದ್ದು ಓದಿ, ಬೈದು, ಮೊಬೈಲ್ ಕಸಿದುಕೊಂಡಿದ್ದರೆ ಆಕೆ ಹೇಳಲಾರಳು. ಆಕೆಯ ಮೌನದ ಒಂದೊಂದು ದಿನವೂ ಬೆದರಿಸುವವನ ಹಿಡಿತವನ್ನು ಬಿಗಿಗೊಳಿಸುತ್ತದೆ. ತಪ್ಪು ಒಪ್ಪಿಕೊಂಡರೂ ಮನೆ ತನ್ನನ್ನು ಕೈಬಿಡದೆಂಬ ಭರವಸೆ ಇದ್ದವಳು ಆ ರಾತ್ರಿಯೇ ಬಾಯಿ ಬಿಡುತ್ತಾಳೆ. ಆದುದರಿಂದ ನಂಬಿಕೆಯೆಂಬುದು ಮಕ್ಕಳಿಗೆ ತೋರುವ ಸಡಿಲಿಕೆಯಲ್ಲ. ಅದು ರಕ್ಷಣೆಯ ಮೊದಲ ಸಾಧನ.

ಈ ಮಾತಿಗೆ ವಿದ್ವಾಂಸರ ಶೋಧನೆಯ ಆಧಾರವೂ ಉಂಟು. ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಮನಶ್ಶಾಸ್ತ್ರಜ್ಞರು ಸ್ವೀಡನ್ ದೇಶದ 14 ವರ್ಷದ 703 ಮಕ್ಕಳನ್ನೂ ಅವರ ತಾಯಿತಂದೆಗಳನ್ನೂ ಕುರಿತು ನಡೆಸಿದ ಅಧ್ಯಯನವು 2000ದಲ್ಲಿ ಪ್ರಕಟವಾಯಿತು. ಮಕ್ಕಳ ಓಡಾಟ, ಒಡನಾಟಗಳ ವಿಷಯದಲ್ಲಿ ಹಿರಿಯರಿಗೆ ಇದ್ದ ತಿಳಿವಳಿಕೆಯ ಮುಖ್ಯ ಮೂಲವು ಹಿರಿಯರ ವಿಚಾರಣೆಯಾಗಲಿ ನಿಯಂತ್ರಣವಾಗಲಿ ಆಗಿರದೆ, ಮಕ್ಕಳು ತಾವಾಗಿಯೇ ಹೇಳಿದ ಮಾತಾಗಿತ್ತು. ಅದು ಇಂದಿನ ಮೊಬೈಲ್ ಇನ್ನೂ ಬಾರದ ಕಾಲದ ಅಧ್ಯಯನ. ಆದರೂ ಅದರ ತಾತ್ಪರ್ಯ ಹಳತಾಗಿಲ್ಲ: ಮಕ್ಕಳು ಹೇಳುವುದನ್ನು ನಿಲ್ಲಿಸಿದ ಮನೆಯಲ್ಲಿ ಯಾವ ಯಂತ್ರವೂ ಆ ಕೊರತೆಯನ್ನು ತುಂಬಲಾರದು.

ಹಾಗೆಂದು ಪ್ರಶ್ನಿಸಲೇಬಾರದೆಂಬ ಅಭಿಪ್ರಾಯವೂ ಸಲ್ಲದು. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುದೇವರು ಕಠಿಣವಾಗಿ ಪ್ರಶ್ನಿಸುವ ಪ್ರಸಂಗವಿದೆ. ಆ ಪರೀಕ್ಷೆ ಶರಣರ ಸಭೆಯಲ್ಲಿ, ಮುಖಾಮುಖಿಯಾಗಿ ನಡೆಯುತ್ತದೆ. ಉತ್ತರಿಸುವ ಅವಕಾಶ ಅಕ್ಕನಿಗೆ ಪೂರ್ಣವಾಗಿರುತ್ತದೆ. ಎದುರಿಗೆ ಕೇಳುವ ಪ್ರಶ್ನೆ ಎಷ್ಟೇ ಕಠಿಣವಾಗಿದ್ದರೂ ಗೌರವವನ್ನು ಕಳೆಯುವುದಿಲ್ಲ. ಬೆನ್ನ ಹಿಂದಿನ ಸಂಶಯ ಎಷ್ಟೇ ಪ್ರೀತಿಯದಾಗಿದ್ದರೂ ಕಳೆಯುತ್ತದೆ.

ಇದರಿಂದ ಫಲಿಸುವ ಕೆಲವು ನಿಯಮಗಳನ್ನು ಇಲ್ಲಿ ಸಂಗ್ರಹಿಸಬಹುದು. ಮೊದಲನೆಯದಾಗಿ, ಕಟ್ಟಳೆಗಳನ್ನು ಮೊಬೈಲ್ ಕೊಡುವ ದಿನವೇ ಮಕ್ಕಳೊಡನೆ ಕುಳಿತು ಗೊತ್ತುಪಡಿಸಬೇಕು. ಊಟದ ಹೊತ್ತಿಗೆ ಅದು ದೂರವಿರಲಿ, ರಾತ್ರಿ ಪಡಸಾಲೆಯಲ್ಲಿಯೇ ಉಳಿಯಲಿ. ಈ ಕಟ್ಟಳೆ ಹಿರಿಯರಿಗೂ ಅನ್ವಯಿಸದಿದ್ದರೆ ಮಕ್ಕಳಿಗೆ ಅದು ಬರಿಯ ಮಾತಾಗಿ ಉಳಿಯುತ್ತದೆ. ಎರಡನೆಯದಾಗಿ, ಯಾಂತ್ರಿಕ ನಿಯಂತ್ರಣ ಬೇಕಾದರೆ ಬಹಿರಂಗವಾದುದನ್ನೇ ಆರಿಸಬೇಕು. ಗೂಗಲ್ ಸಂಸ್ಥೆಯ ಫ್ಯಾಮಿಲಿ ಲಿಂಕ್ ದಿನದ ಅವಧಿಯನ್ನು ಮಿತಗೊಳಿಸುತ್ತದೆ. ಹೊಸ ಆ್ಯಪ್‌ಗಳಿಗೆ ಹಿರಿಯರ ಅನುಮತಿಯನ್ನು ಕೇಳುತ್ತದೆ. ಮಕ್ಕಳ ಸಂದೇಶಗಳನ್ನು ಓದಿಸುವುದಿಲ್ಲ. ಮೇಲ್ವಿಚಾರಣೆ ನಡೆದಿದೆಯೆಂಬುದು ಮಗುವಿಗೂ ತಿಳಿದಿರುತ್ತದೆ. ಇದು ಕಾವಲು. ಗುಟ್ಟಾಗಿ ಅಡಗಿಸಿಟ್ಟು ಸಂದೇಶಗಳನ್ನು ಕದ್ದು ತೋರಿಸುವ ಆ್ಯಪ್‌ಗಳು ಬೇಹು. ಮೂರನೆಯದಾಗಿ, ವಯಸ್ಸು ಏರಿದಂತೆ ಕಾವಲು ಇಳಿಯಬೇಕು. ಹತ್ತು ವರ್ಷದವನಿಗೆ ತಕ್ಕ ನಿರ್ಬಂಧವನ್ನು ಹದಿನಾರರವನಿಗೂ ಹೇರಿದರೆ ಅವನು ವಿವೇಕವನ್ನು ಕಲಿಯದೆ ಉಪಾಯವನ್ನು ಕಲಿಯುತ್ತಾನೆ.

ಇವೆಲ್ಲಕ್ಕೂ ಒಂದು ಅಪವಾದವುಂಟು. ಮಗು ಊಟ ನಿದ್ರೆಗಳನ್ನು ತೊರೆದು, ಭಯದಿಂದ ಕುಗ್ಗಿ, ಜೀವಕ್ಕೆ ಅಪಾಯ ತಂದುಕೊಳ್ಳುವ ಸೂಚನೆ ಕಂಡಲ್ಲಿ ಮೊಬೈಲನ್ನು ಪರಿಶೀಲಿಸುವುದು ಹಿರಿಯರ ಕರ್ತವ್ಯ. ಆಗಲೂ ‘ನಿನಗಾಗಿ ಅಂಜಿ ನೋಡುತ್ತಿದ್ದೇನೆ’ ಎಂದು ಮಗುವಿಗೆ ಹೇಳಿಯೇ ನೋಡಬೇಕು. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬಹುದು. ಹಣದ ವಂಚನೆಯಾಗಿದ್ದರೆ 1930ಕ್ಕೆ ಕೂಡಲೇ ತಿಳಿಸಬೇಕು. ಬಿಡಲಾರದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಲ್ಲಿ ಆರಂಭವಾದ ‘ಶಟ್’ ಚಿಕಿತ್ಸಾಲಯವಿದೆ.

ಶಾಲೆಯ ಪಾಲೂ ಇದರಲ್ಲಿ ಸಣ್ಣದಲ್ಲ. ಮನೆಯಲ್ಲಿ ಹೇಳಲಾರದ ಮಗು ಹೇಳಿಕೊಳ್ಳುವುದಕ್ಕೆ ಪ್ರತಿ ಶಾಲೆಯಲ್ಲಿಯೂ ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿ ಗೊತ್ತಾಗಿರಬೇಕು. ಕೇಳಿದ್ದನ್ನು ಅವರು ಶಿಕ್ಷಕರ ಕೊಠಡಿಯ ಹರಟೆಗೆ ಎಳೆಯದೆ, ಮಗುವಿನ ರಕ್ಷಣೆಗೆ ಅಗತ್ಯವಾದವರಿಗಷ್ಟೇ ತಿಳಿಸಬೇಕು. ಗಣಕ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಪಾಲಕರಿಗೆ ಕನ್ನಡದಲ್ಲಿಯೇ ಇದನ್ನು ಕಲಿಸಿಕೊಟ್ಟರೆ ಅದು ಸಲ್ಲತಕ್ಕ ದಾಸೋಹವಾದೀತು. ದಾನಿಗಳು ಉಪಕರಣವನ್ನು ಕೊಡುವಾಗ ಈ ತಿಳಿವಳಿಕೆಯ ವೆಚ್ಚವನ್ನೂ ಜೊತೆಗಿಟ್ಟುಕೊಟ್ಟರೆ ಕೊಟ್ಟ ದಾನ ಸಾರ್ಥಕವಾಗುತ್ತದೆ.