ಮೊದಲು ಕವರು, ಆಮೇಲೆ ಕಾರ್ಡು

ಸಂಕ್ರಾಂತಿ ಹತ್ತಿರ ಬಂತು. ಎಳ್ಳು ಬೆಲ್ಲದ ಜೊತೆ ಕೊಡುವ ಶುಭಾಶಯದ ಕಾರ್ಡು ಮಾಡಿ ಮಾರಬೇಕು. ಅತ್ತಿಗೆ, ನಾದಿನಿ ಇಬ್ಬರೂ ಮದ್ದೂರು ಪೇಟೆಗೆ ಹೋದರು.

ಅಂಗಡಿಯಲ್ಲಿ ನಾದಿನಿ ಮಿಂಚಿನ ಪುಡಿ ನೋಡುತ್ತಾ ನಿಂತಳು.

"ಹೋದ ವರ್ಷ ನಾನೂ ಹಿಂಗೇ ಮಿಂಚು ತಂದೆ ಕಣವ್ವ. ಕಾರ್ಡು ಚೆಂದಾಗಿ ಬಂದವು. ಒಂದೂ ಕವರಿನೊಳಗೆ ಹೋಗಲಿಲ್ಲ. ಹಾಕಿದ ದುಡ್ಡು ಹೋಯ್ತು" ಎಂದರು ಅತ್ತಿಗೆ.

ಈ ಸಲ ಮೊದಲು ಹಾಳೆಯ ಅಳತೆ ಓದಿದರು. ಎ4 ಹಾಳೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. ಉದ್ದವನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ತುಂಡು. ತುಂಡಿನ 21 ಸೆಂ.ಮೀ. ಬದಿಯನ್ನು ಅರ್ಧಕ್ಕೆ ಮಡಿಸಿದರೆ ಕಾರ್ಡು. ಅದು 10.5 ಸೆಂ.ಮೀ. ಅಗಲ, ಸುಮಾರು 15 ಸೆಂ.ಮೀ. ಉದ್ದ. ಕವರು ಇದಕ್ಕಿಂತ ಸ್ವಲ್ಪ ದೊಡ್ಡದಿರಬೇಕು. ಅಂಥ ಕವರನ್ನೇ ಆರಿಸಿದರು.

ದಪ್ಪ ಡ್ರಾಯಿಂಗ್ ಹಾಳೆ ಒಂದನ್ನು ಮಾತ್ರ ಕೊಂಡು ಅಲ್ಲೇ ಮಡಿಸಿ ನೋಡಿದರು. ಕಾಗದಕ್ಕೂ ಬಿದಿರಿನ ಹಾಗೆ ಎಳೆ ಇದೆ. ಎಳೆಯ ಉದ್ದಕ್ಕೆ ಮಡಿಸಿದರೆ ನುಣುಪು, ಅಡ್ಡಕ್ಕೆ ಮಡಿಸಿದರೆ ಬಿರುಕು.

ಕತ್ತರಿ, ಸ್ಕೇಲು ತಗೊಂಡರು. ಮಡಿಸುವ ಗೆರೆ ಒತ್ತಲು ಮನೆಯಲ್ಲಿ ಇಂಕು ಮುಗಿದ ಪೆನ್ನು ಇದೆ. ಅಂಟಿಗೆ ಮೈದಾ ಗಂಜಿ ಸಾಕು. ತೆಳ್ಳಗೆ ಹಚ್ಚಬೇಕು, ಇಲ್ಲದಿದ್ದರೆ ಹಾಳೆ ಸುಕ್ಕಾಗುತ್ತದೆ.

"ಅತ್ತಿಗೆ, ಮಿಂಚು?"

"ಮೊದಲು ಹತ್ತು ಕಾರ್ಡು ಮಾರಾಟ ಆಗಲಿ. ಆ ದುಡ್ಡಲ್ಲಿ ತರೋಣ."